ಕೂಗು ಒಬ್ಬನಿಗೆ, ನನ್ನ ಕೈ ಇನ್ನೊಬ್ಬನಿಗೆ: ಫ್ರೀಸ್ಟೈಲ್ ಬ್ಯಾಟಲ್‌ಗೆ ಜಡ್ಜ್ ಆಗುವುದು ಹೇಗೆ?

ಓದುಗರ ಪ್ರಶ್ನೆ:

"ಸರ್, ಏಳೆಂಟು ವರ್ಷದಿಂದ ರ‍್ಯಾಪ್ ಕೇಳುತ್ತಿದ್ದೇನೆ, ಸ್ವಲ್ಪ ಬರೆಯುತ್ತೇನೆ ಕೂಡ. ಕಳೆದ ತಿಂಗಳು ಒಂದು ಕಡೆ, ನಿಂತಲ್ಲೇ ಸಾಲು ಕಟ್ಟಿ ಒಬ್ಬರನ್ನೊಬ್ಬರು ಮಾತಲ್ಲಿ ಹೊಡೆಯುವ ಫ್ರೀಸ್ಟೈಲ್ ಬ್ಯಾಟಲ್‌ನ ಫೈನಲ್‌ನಲ್ಲಿ ಮೂವರು ಜಡ್ಜ್‌ಗಳ ಪೈಕಿ ನನ್ನನ್ನೂ ಕೂರಿಸಿದರು. ಇಬ್ಬರೇ ಸ್ಪರ್ಧಿಗಳು, ಬೀಟ್ ಮೇಲೆ ತಲಾ ಮೂರು ರೌಂಡ್. ಮೊದಲು ಶುರು ಮಾಡಿದವನದು ಜೋರು ಗಂಟಲು, ವೇಗ ಬೇರೆ. ಎದುರಾಳಿಯನ್ನು ಚುಚ್ಚುವ ಒಂದೊಂದು ಪಂಚ್‌ಗೂ ಹಾಲ್ ಎದ್ದು ನಿಲ್ಲುತ್ತಿತ್ತು. ಎರಡನೆಯವನು ತಣ್ಣಗಿದ್ದ, ಎರಡನೇ ರೌಂಡ್‌ನಲ್ಲಿ ಒಂದು ಕಡೆ ತಡವರಿಸಿದ. ಆದರೆ ಎದುರಾಳಿಯ ಮಾತಿಗೆ ಉತ್ತರ ಕೊಡುತ್ತಿದ್ದ. ನನಗೆ ಚೆನ್ನಾಗಿ ನೆನಪಿರುವ ಜಾಗ ಇದು. ಮೊದಲಿನವನು ಹೀಗಂದ:

ನಿನ್ನ ರೈಮು ಸವೆದ ಚಪ್ಪಲಿ, ಹಾಕ್ಕೊಂಡ್ ಬಂದೆ ಸ್ಟೇಜಿಗೆ
ಕಾಲಿಡೋಕೂ ಮುಂಚೆ ನಿನ್ನ ಮರ್ಯಾದೆ ಬಿತ್ತು ಹರಾಜಿಗೆ

ಚಾವಣಿ ಹಾರುವಂಥ ಕಿರುಚಾಟ. ಅದರ ನಡುವೆಯೇ ಎರಡನೆಯವನು:

ಸವೆದ ಚಪ್ಪಲಿ ಅಂದ್ಯಲ್ಲ, ಹೌದು, ನಡೆದ ದಾರಿ ಅಷ್ಟು ಉದ್ದ
ನಿಂದು ಹೊಚ್ಚ ಹೊಸದು, ಡಬ್ಬಿ ಬಿಟ್ಟೇ ಇಳಿದಿಲ್ಲ, ಪೆದ್ದ

ಅರ್ಧ ಜನಕ್ಕೆ ಇದು ಕೇಳಿಸಲೇ ಇಲ್ಲ, ಅವರಿನ್ನೂ ಮೊದಲಿನದಕ್ಕೇ ಕೂಗುತ್ತಿದ್ದರು. ಕೊನೆಗೆ ನಾನು ಎರಡನೆಯವನಿಗೆ ಕೈ ಎತ್ತಿದೆ. ಇನ್ನೊಬ್ಬ ಜಡ್ಜ್ ನನ್ನ ಕಡೆ ಒಮ್ಮೆ ನೋಡಿ ಅವನಿಗೇ ಎತ್ತಿದರು. 2–1. ಹಾಲ್ ತುಂಬ ಬೈಗುಳ. ಸೋತವನು ಕೆಳಗಿಳಿದು ಬಂದು 'ಒಂದೇ ಒಂದು ಕಾರಣ ಹೇಳಿ' ಅಂದ. ನನಗೆ ಬಾಯಿ ಬರಲಿಲ್ಲ. 'ನಿನ್ನವು ಬರೆದುಕೊಂಡು ಬಂದ ಹಾಗಿದ್ದವು' ಅಂದೆ, ಅದು ಇನ್ನೂ ಕೆಟ್ಟಿತು. ಈಗ ಮುಂದಿನ ತಿಂಗಳಿಗೆ ಮತ್ತೆ ಕರೆದಿದ್ದಾರೆ. ನಾನು ಮಾಡಿದ್ದು ತಪ್ಪಾ? ಜನರ ಕೂಗಿಗೆ ಎಷ್ಟು ಬೆಲೆ ಕೊಡಬೇಕು? ಬರೆದುಕೊಂಡು ಬಂದದ್ದನ್ನು ಹೇಗೆ ಹಿಡಿಯೋದು? ಅಂಕ ಹಾಕೋದು ಸರಿಯಾ, ಕೈ ಎತ್ತೋದು ಸರಿಯಾ? ಅಮ್ಮ, ಮೈಬಣ್ಣ ಎಲ್ಲ ಎಳೆದು ತಂದರೆ ಏನು ಮಾಡಬೇಕು? (ಎರಡನೆಯವನ ಜೊತೆ ಹಿಂದೊಮ್ಮೆ ಒಂದು ಟ್ರ್ಯಾಕ್ ಮಾಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.)"

ಉತ್ತರ:

ಆವರಣದೊಳಗೆ ಹಾಕಿದ ಆ ಕೊನೆಯ ಸಾಲಿಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಆ ನಾಲ್ಕು ಸಾಲು.

ಜಡ್ಜ್ ಕುರ್ಚಿಯಲ್ಲಿ ಕೂತಾಗ ಪ್ರತಿ ಪಂಚ್‌ಗೂ ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: ಈ ಸಾಲನ್ನು ಎದುರಿಗಿರುವವನ ಬದಲು ಬೇರೆ ಯಾರ ಮೇಲಾದರೂ ಎಸೆಯಬಹುದಿತ್ತಾ? "ನಿನ್ನ ರೈಮು ಸವೆದ ಚಪ್ಪಲಿ" ಎನ್ನುವುದನ್ನು ಊರಲ್ಲಿರುವ ಯಾವ ರ‍್ಯಾಪರ್ ಮೇಲೆ ಬೇಕಾದರೂ ಎಸೆಯಬಹುದು. ನಿನ್ನೆಯೂ ಎಸೆಯಬಹುದಿತ್ತು, ನಾಳೆಯೂ ಎಸೆಯಬಹುದು. ಸಾಲು ಚೆನ್ನಾಗಿಯೇ ಇದೆ. ಕಣ್ಣಿಗೆ ಕಟ್ಟುವ ಚಿತ್ರ ಇದೆ, 'ಕಾಲಿಡೋಕೂ ಮುಂಚೆ' ಅಂತ ಆ ಚಿತ್ರವನ್ನು ಎರಡನೇ ಸಾಲಿಗೂ ಎಳೆದಿದ್ದಾನೆ. ಆದರೆ ಅದಕ್ಕೆ ವಿಳಾಸವಿಲ್ಲ. ಎರಡನೆಯವನ ಉತ್ತರ ಮಾತ್ರ ಆ ಗಳಿಗೆಯಲ್ಲಿ, ಆ ಒಬ್ಬನಿಗೆ, ಆ ಸಾಲು ಬಿದ್ದ ಮೇಲೆಯೇ ಹುಟ್ಟಲು ಸಾಧ್ಯ. ಬೈಗುಳವನ್ನು ಒಪ್ಪಿಕೊಂಡ, ಅದರ ಅರ್ಥ ತಿರುಗಿಸಿದ, ತಿರುಗಿದ ಅರ್ಥದಿಂದಲೇ ಎದುರಾಳಿಗೆ ಅನುಭವ ಇಲ್ಲ ಅಂತ ಚುಚ್ಚಿದ. ಎರಡು ಸಾಲಿನಲ್ಲಿ ಮೂರು ಕೆಲಸ. ಕೊನೆಯ 'ಪೆದ್ದ' ಸಪ್ಪೆ, ಪ್ರಾಸಕ್ಕೆ ಸಿಕ್ಕಿದ ಪದ ಅದು. ಒಳ್ಳೆಯ ದಿನವಾಗಿದ್ದರೆ ಅವನಿಗೆ ಇನ್ನೂ ಹರಿತವಾದದ್ದು ಸಿಗುತ್ತಿತ್ತು. ಆದರೂ ಆ ಜಾಗ ಅವನದೇ. ಬ್ಯಾಟಲ್ ಎಂದರೆ ಇಬ್ಬರ ನಡುವಿನ ಜಗಳದ ಮಾತು. ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಚೆಂದ ಅಂತ ನೋಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಷ್ಟಕ್ಕೇ ನೀವು ಗೆದ್ದಿರಿ ಅಂದುಕೊಳ್ಳಬೇಡಿ. ನೀವು ಬರೆಯದೇ ಬಿಟ್ಟಿರುವ ಒಂದು ವಿಷಯ ಇದೆ: ಮೂರೂ ರೌಂಡ್‌ಗಳಲ್ಲಿ ಮೊದಲಿನವನೇ ಮೊದಲು ಹೋದನಾ? ಹೌದಾದರೆ ಉತ್ತರ ಕೊಡುವ ಅವಕಾಶ ಎರಡನೆಯವನ ಬಟ್ಟಲಿಗೇ ಹೆಚ್ಚು ಬಿದ್ದಿದೆ. ಮೊದಲ ರೌಂಡ್ ಶುರು ಮಾಡುವವನ ಮುಂದೆ ಉತ್ತರಿಸಲು ಏನಿರುತ್ತದೆ? ಎದುರಿನವನ ಅಂಗಿ, ಮುಖ, ಹೆಸರು, ಅಷ್ಟೇ. ಅವನು ಸಾಮಾನ್ಯ ಸಾಲುಗಳಿಂದ ಶುರು ಮಾಡಿದರೆ ಅದು ಕೈಲಾಗದೆ ಮಾಡಿದ್ದಲ್ಲ, ಇನ್ನೇನೂ ಇಲ್ಲದೆ ಮಾಡಿದ್ದು. ಸರದಿಯ ಪ್ರಭಾವ ಇಷ್ಟಕ್ಕೇ ನಿಲ್ಲುವುದಿಲ್ಲ. ಯೂರೋವಿಷನ್ ಹಾಡಿನ ಸ್ಪರ್ಧೆ ಮತ್ತು ಫಿಗರ್ ಸ್ಕೇಟಿಂಗ್ ಅಂಕಗಳನ್ನು ಜಾಲಾಡಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಡವಾಗಿ ಬಂದವರಿಗೆ ಹೆಚ್ಚು ಅಂಕ ಬೀಳುವ ಒಲವು ಕಂಡುಬಂದಿತ್ತು. ಅಲ್ಲಿ ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ, ಆದರೂ ಹೀಗೆ. ಹಾಗಾಗಿ ಮುಂದಿನ ಸಲ ಒಂದು ಷರತ್ತು ಹಾಕಿ: ಟಾಸ್ ಆಗಲಿ, ರೌಂಡ್‌ನಿಂದ ರೌಂಡ್‌ಗೆ ಸರದಿ ಅದಲು ಬದಲಾಗಲಿ. ಅದು ಆಗದಿದ್ದರೆ ಮೊದಲನೇ ರೌಂಡ್‌ನಲ್ಲಿ ಉತ್ತರಕ್ಕೆ ತೂಕ ಕಡಿಮೆ ಮಾಡಿ, ಎರಡು ಮತ್ತು ಮೂರರಲ್ಲಿ ಇಬ್ಬರಿಂದಲೂ ಕಡ್ಡಾಯವಾಗಿ ಕೇಳಿ.

ಈಗ ಕೂಗು. "ಜನ ಯಾರಿಗೆ ಕೂಗಿದರೋ ಅವನೇ ಗೆದ್ದ, ಜಡ್ಜ್ ಯಾಕೆ ಬೇಕು" ಎನ್ನುವವರು ಇದ್ದಾರೆ. "ಜನಕ್ಕೇನು ಗೊತ್ತು" ಎನ್ನುವವರೂ ಇದ್ದಾರೆ. ಎರಡೂ ಸೋಮಾರಿ ಮಾತು. ಹಾಲ್‌ನಲ್ಲಿ ನಿಜಕ್ಕೂ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಬೀಟ್ ನಿಮಿಷಕ್ಕೆ 90 ಬಡಿತ ಇದ್ದರೆ, ನಾಲ್ಕು ಬಡಿತದ ಒಂದು ಬಾರ್ ಸುಮಾರು 2.7 ಸೆಕೆಂಡ್. ಹದಿನಾರು ಬಾರ್ ಎಂದರೆ ಸುಮಾರು 43 ಸೆಕೆಂಡ್. ಒಂದು ದೊಡ್ಡ ಕೂಗು ಏರಿ ಇಳಿಯಲು ನಾಲ್ಕೈದು ಸೆಕೆಂಡ್ ಬೇಕು. ಅಂದರೆ ಒಬ್ಬನ ಕೊನೆಯ ಪಂಚ್‌ಗೆ ಬಿದ್ದ ಕೂಗು ಇನ್ನೊಬ್ಬನ ಮೊದಲ ಒಂದೂವರೆ ಬಾರ್ ನುಂಗಿಹಾಕುತ್ತದೆ. ಒಳ್ಳೆಯ ತಿರುಗೇಟು ಬರುವುದು ಸಾಮಾನ್ಯವಾಗಿ ಅಲ್ಲೇ, ಶುರುವಿನಲ್ಲೇ, ಬಿಸಿ ಆರುವ ಮೊದಲು. ನಿಮ್ಮ ಎರಡನೆಯವನಿಗೆ ಆದದ್ದು ಇದೇ. ಜನ ಅವನ ಸಾಲನ್ನು ತಿರಸ್ಕರಿಸಲಿಲ್ಲ, ಕೇಳಿಸಿಕೊಳ್ಳಲೇ ಇಲ್ಲ.

ಅನುಭವಿಗಳಿಗೆ ಇದು ಗೊತ್ತಿರುತ್ತದೆ. ಕೂಗು ಇಳಿಯುವ ತನಕ ಒಂದು ಬಾರ್ ಖಾಲಿ ಬಿಡುತ್ತಾರೆ, ಇಲ್ಲವೇ 'ಚಪ್ಪಲಿ... ಚಪ್ಪಲಿ ಅಂದ್ಯಲ್ಲ' ಅಂತ ಒಂದು ಪದವನ್ನೇ ಎರಡು ಸಲ ಆಡಿ ಜನರ ಕಿವಿ ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಎರಡನೆಯವನು ಹಾಗೆ ಮಾಡಲಿಲ್ಲ. ಅದು ಅವನ ಕೊರತೆ, ಚಿಕ್ಕದಲ್ಲ. ಸಾಲು ಕಟ್ಟುವುದು ಎಷ್ಟು ಕಲೆಯೋ ಅದನ್ನು ಹಾಲ್‌ಗೆ ಮುಟ್ಟಿಸುವುದೂ ಅಷ್ಟೇ ಕಲೆ. ನಾನು ಕೂಗನ್ನು ಸಾಕ್ಷಿಯ ಹಾಗೆ ನೋಡುತ್ತೇನೆ. ಸಾಕ್ಷಿ ಹೇಳಿದ್ದನ್ನು ಕೇಳುತ್ತೇನೆ, ತೀರ್ಪು ಬರೆಯಲು ಪೆನ್ನು ಅವನ ಕೈಗೆ ಕೊಡುವುದಿಲ್ಲ. ನನ್ನ ಹಾಳೆಯ ಬಲಗಡೆ ಅಂಚಿನಲ್ಲಿ ಕೂಗು ಬಂದ ಕಡೆ ಒಂದು ಗೀಟು, ಅಷ್ಟೇ. ಯಾವ ಸಾಲಿನ ಎದುರು ಬಿತ್ತು ಎಂಬುದು ಆಮೇಲೆ ಮುಖ್ಯವಾಗುತ್ತದೆ.

ಈ ಜಗಳ ಹೊಸದಲ್ಲ. 1981ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್‌ನಲ್ಲಿ ಬಿಜಿ ಬೀ ಮತ್ತು ಕೂಲ್ ಮೋ ಡೀ ಎಂಬ ಇಬ್ಬರು ರ‍್ಯಾಪರ್‌ಗಳು ಎದುರುಬದುರಾದರು. ಬಿಜಿ ಬೀ ಜನರನ್ನು ಕುಣಿಸುವುದರಲ್ಲಿ ಎತ್ತಿದ ಕೈ. ತಾನೊಂದು ಕೂಗಿ ಹಾಲ್‌ನಿಂದ ಹತ್ತು ಕೂಗಿಸುವುದು ಅವರ ವರಸೆ. ಕೂಲ್ ಮೋ ಡೀ ಬಂದವರೇ ಆ ವರಸೆಯನ್ನೇ ಹಿಡಿದುಕೊಂಡು, ಎದುರಾಳಿಯನ್ನು ಹೆಸರು ಹಿಡಿದು, ಸಾಲಿನ ಮೇಲೆ ಸಾಲು ಪೇರಿಸಿ ಹೊಡೆದರು. ಬ್ಯಾಟಲ್ ಎಂದರೆ ಯಾರು ಹೆಚ್ಚು ರಂಜಿಸಿದರು ಎಂಬಲ್ಲಿಂದ ಯಾರ ಮಾತು ಹೆಚ್ಚು ನಾಟಿತು ಎಂಬಲ್ಲಿಗೆ ಸರಿದದ್ದು ಆ ರಾತ್ರಿ ಅಂತ ರ‍್ಯಾಪ್ ಚರಿತ್ರೆ ಬಲ್ಲವರು ಹೇಳುತ್ತಾರೆ. ನಿಮ್ಮ ಫೈನಲ್‌ನಲ್ಲಿ ನಡೆದದ್ದೂ ಅದೇ ಹಳೇ ಜಗಳ.

ಬರೆದುಕೊಂಡು ಬಂದದ್ದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಸೋತವನ ಮುಖಕ್ಕೆ ಆ ಮಾತು ಹೇಳಬಾರದಿತ್ತು. ಮೊದಲನೆಯದಾಗಿ, 'ಫ್ರೀಸ್ಟೈಲ್' ಎನ್ನುವ ಪದವೇ ಅರ್ಥ ಬದಲಿಸಿಕೊಂಡು ಬಂದದ್ದು. 1980ರ ದಶಕದಲ್ಲಿ ಆ ಪದಕ್ಕೆ ಇಂಥದೇ ವಿಷಯ ಅಂತಿಲ್ಲದ, ತನ್ನ ಕೈಚಳಕ ತೋರಿಸಲು ಕಟ್ಟಿದ ಪದ್ಯ ಎಂಬ ಅರ್ಥವಿತ್ತು. ಅದನ್ನು ಬರೆದುಕೊಂಡೇ ಬರುತ್ತಿದ್ದರು. ನಿಂತ ನಿಲುವಿನಲ್ಲಿ ಕಟ್ಟುವುದು ಎಂಬ ಅರ್ಥ ಆಮೇಲೆ ಗಟ್ಟಿಯಾಯಿತು. ಇನ್ನೊಂದು ಕಡೆ, ಕೆನಡಾದಲ್ಲಿ 2008ರಲ್ಲಿ ಶುರುವಾದ ಕಿಂಗ್ ಆಫ್ ದಿ ಡಾಟ್, ಫಿಲಿಪೀನ್ಸ್‌ನಲ್ಲಿ 2010ರಲ್ಲಿ ಶುರುವಾದ ಫ್ಲಿಪ್‌ಟಾಪ್ ಥರದ ಲೀಗ್‌ಗಳಲ್ಲಿ ಬೀಟ್ ಇರುವುದಿಲ್ಲ, ಎದುರಾಳಿ ಯಾರು ಅಂತ ಮೊದಲೇ ಗೊತ್ತಿರುತ್ತದೆ, ಬರೆದು ಬಾಯಿಪಾಠ ಮಾಡಿಕೊಂಡು ಬರುವುದೇ ಪದ್ಧತಿ. ಅವನ್ನು ನೋಡಿ ಬೆಳೆದ ಹುಡುಗನಿಗೆ ನಾಲ್ಕು ಸಾಲು ತಯಾರಿ ಮಾಡಿಕೊಂಡು ಬರುವುದು ಕಳ್ಳತನ ಅಂತ ಅನಿಸುವುದೇ ಇಲ್ಲ. ನಿಮ್ಮ ಸ್ಪರ್ಧೆಯ ನಿಯಮದಲ್ಲಿ ಇದರ ಬಗ್ಗೆ ಏನಾದರೂ ಬರೆದಿತ್ತಾ? ಇಲ್ಲವಾದರೆ ಇಲ್ಲದ ಕಾನೂನಿನ ಕೆಳಗೆ ಅವನಿಗೆ ಶಿಕ್ಷೆ ಕೊಟ್ಟ ಹಾಗಾಯಿತು.

ಎರಡನೆಯದು, ನೀವು ಅದನ್ನು ಸಾಬೀತು ಮಾಡಲಾರಿರಿ. ಸುಳಿವುಗಳು ಇರುತ್ತವೆ, ನಿಜ. ನಾಲ್ಕು ಬಾರ್ ಗಾಜಿನ ಹಾಗೆ ನುಣುಪಾಗಿದ್ದು ಮುಂದಿನ ನಾಲ್ಕು ಒಮ್ಮೆಲೇ ಸಡಿಲವಾಗುವುದು. ಕಣ್ಣು ಎದುರಿನವನನ್ನು ಬಿಟ್ಟು ಎಲ್ಲೋ ದೂರದ ಗೋಡೆ ಓದುತ್ತಿರುವುದು. ಎದುರಾಳಿ ಹೊಸದೇನೋ ಹೇಳಿದರೂ ಇವನ ದಾರಿ ಕದಲದೇ ಇರುವುದು. ಆದರೆ ಎಷ್ಟೋ ಪಳಗಿದವರ ಫ್ರೀಸ್ಟೈಲ್ ಕೂಡ ಹೀಗೇ ಕಾಣುತ್ತದೆ. ಪೊಲೀಸ್ ಕೆಲಸ ಬಿಟ್ಟುಬಿಡಿ. ಬರೆದದ್ದಕ್ಕೆ ಅಂಕ ಕಳೆಯುವ ಬದಲು, ಬರೆದಿರಲು ಸಾಧ್ಯವೇ ಇಲ್ಲದ್ದಕ್ಕೆ ಅಂಕ ಕೂಡಿಸಿ. ಎದುರಾಳಿಯ ಈಗಿನ ಸಾಲು, ಈಗ ಕೈತಪ್ಪಿದ ಮೈಕ್, ಈಗ ಬದಲಾದ ಬೀಟ್, ಮುಂದಿನ ಸಾಲಿನಲ್ಲಿ ಕೂತು ಆಕಳಿಸಿದವನು. ತಯಾರಿ ಮಾಡಿಕೊಂಡು ಬಂದವನ ಲೆಕ್ಕ ತಾನಾಗಿಯೇ ಕೆಳಗಿಳಿಯುತ್ತದೆ, ನೀವು ಯಾರನ್ನೂ ಕಳ್ಳ ಅನ್ನಬೇಕಾಗಿಲ್ಲ.

ಆಯೋಜಕರು ಕೇಳುವವರಾದರೆ ಇದನ್ನು ಸ್ಪರ್ಧೆಯ ರಚನೆಯಲ್ಲೇ ತರಬಹುದು. 2017ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಫ್ರೀಸ್ಟೈಲ್ ಮಾಸ್ಟರ್ ಸೀರೀಸ್ ಎಂಬ ಲೀಗ್‌ನಲ್ಲಿ ಒಂದು ಸುತ್ತಿನಲ್ಲಿ ಹತ್ತು ಸೆಕೆಂಡಿಗೊಂದು ಪದ ಪರದೆ ಮೇಲೆ ಬರುತ್ತದೆ, ಕಷ್ಟದ ಸುತ್ತಿನಲ್ಲಿ ಐದು ಸೆಕೆಂಡಿಗೊಂದು. ಆ ಪದ ಸಾಲಿನೊಳಗೆ ಬರಲೇಬೇಕು. ಕೊಟ್ಟ ಪದಗಳನ್ನು ಸೇರಿಸಿ ಆಗಲೇ ಪದ್ಯ ಕಟ್ಟುವ ಅವಧಾನದ ದತ್ತಪದಿ ನೆನಪಾಗುತ್ತದೆಯಲ್ಲ, ಅದೇ ಉಪಾಯ. ಸೂಪರ್‌ನ್ಯಾಚುರಲ್ ಎಂಬ ಅಮೆರಿಕದ ಫ್ರೀಸ್ಟೈಲರ್ ಜನರ ಕೈಯಲ್ಲಿದ್ದ ವಸ್ತುಗಳನ್ನು ಒಂದೊಂದಾಗಿ ಇಸಿದುಕೊಂಡು ಅವುಗಳ ಮೇಲೇ ಕಟ್ಟುತ್ತ ಹೋಗುವುದಕ್ಕೆ ಹೆಸರಾದವರು. ಪದವನ್ನೋ ವಸ್ತುವನ್ನೋ ಹೊರಗಿನಿಂದ ಕೊಟ್ಟರೆ ಅನುಮಾನಕ್ಕೇ ಜಾಗ ಇರುವುದಿಲ್ಲ.

ನನ್ನದೂ ಒಂದು ಹೇಳುತ್ತೇನೆ. ಬಹಳ ಹಿಂದೆ ಒಂದು ಸೆಮಿಫೈನಲ್‌ನಲ್ಲಿ ಹಾಲ್ ಸಿಡಿದು ಹೋಗುವಂಥ ಒಂದೇ ಸಾಲಿಗೆ ಮಾರುಹೋಗಿ ಒಬ್ಬನಿಗೆ ಕೈ ಎತ್ತಿದೆ. ವಾರದ ಮೇಲೆ ರೆಕಾರ್ಡಿಂಗ್ ಕೇಳುತ್ತ ಕೂತಾಗ ಅದೇ ಸಾಲು, ಅದೇ ಏರಿಳಿತದಲ್ಲಿ, ಅದೇ ದಿನ ಬೆಳಿಗ್ಗೆಯ ಸುತ್ತಿನಲ್ಲಿ ಬೇರೆಯವನ ಮೇಲೆ ಬಿದ್ದಿತ್ತು. ಆ ಸುತ್ತಿಗೂ ಜಡ್ಜ್ ನಾನೇ! ಕೇಳಿದ್ದೆ, ನಕ್ಕಿದ್ದೆ, ಬರೆದುಕೊಂಡಿರಲಿಲ್ಲ. ಅಂದಿನಿಂದ ಹಾಳೆ ಇಲ್ಲದೆ ಆ ಕುರ್ಚಿಯಲ್ಲಿ ಕೂತಿಲ್ಲ.

ಪ್ರಾಸದ ವಿಷಯದಲ್ಲಿ ಕನ್ನಡದ ಜಡ್ಜ್‌ಗಳು ಮೋಸ ಹೋಗುವ ಒಂದು ಜಾಗ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ, ಕ್ರಿಯಾಪದ ಪ್ರತ್ಯಯದಲ್ಲಿ ಮುಗಿಯುತ್ತದೆ. 'ಬಂದಿದೀನಿ, ನಿಂತಿದೀನಿ, ನೋಡ್ತಿದೀನಿ' ಅಂದರೆ ಕಿವಿಗೆ ಪ್ರಾಸದ ಹಾಗೆ ಕೇಳಿಸುತ್ತದೆ, ಆದರೆ ಅದನ್ನು ಕಟ್ಟಿಕೊಟ್ಟದ್ದು ವ್ಯಾಕರಣ, ರ‍್ಯಾಪರ್ ಅಲ್ಲ. 'ಗೆ', 'ಅಲ್ಲಿ', 'ಇಂದ' ವಿಭಕ್ತಿಗಳೂ ಹಾಗೆಯೇ, ಪುಕ್ಕಟೆ ಮಾಲು. ಸಾಲಿನ ಕೊನೆಗೆಲ್ಲ 'ಗುರು', 'ಮಗಾ' ಅಂತ ಮೊಳೆ ಹೊಡೆಯುವುದು ಇನ್ನೂ ಅಗ್ಗ. ನಾನು ಪ್ರತ್ಯಯವನ್ನು ಮನಸ್ಸಿನಲ್ಲೇ ಕತ್ತರಿಸಿ ಹಾಕಿ ಉಳಿದದ್ದು ಜೋಡಿ ಕೂಡುತ್ತದಾ ಅಂತ ನೋಡುತ್ತೇನೆ. ಸ್ಟೇಜಿಗೆ–ಹರಾಜಿಗೆ: 'ಗೆ' ಕತ್ತರಿಸಿದರೆ ಸ್ಟೇಜು, ಹರಾಜು, 'ಜು' ಉಳಿಯಿತು, ಅರ್ಧ ದಕ್ಕಿತು. ಉದ್ದ–ಪೆದ್ದ: ಪ್ರತ್ಯಯವೇ ಇಲ್ಲ, ಒತ್ತಕ್ಷರ ಸಮೇತ ಬೇರಿನಲ್ಲೇ ಕೂಡಿದೆ. ಇನ್ನು ಕೆಲವರು ಸಾಲಿನ ಕೊನೆಯನ್ನು ಬಿಟ್ಟು ಮೊದಲ ಪದದಲ್ಲೇ ಆಟ ಆಡುತ್ತಾರೆ. ಒಂದು ಸಾಲು 'ಮಾತು' ಅಂತ ಶುರುವಾದರೆ ಮುಂದಿನದು 'ಸೋತು' ಅಂತ. ಎರಡನೇ ಅಕ್ಷರದ ಆದಿಪ್ರಾಸ ನಮ್ಮ ಕಿವಿಗೆ ಹಳೆಯ ನೆಂಟ. ಕೊನೆಗೆ ಮಾತ್ರ ಕಿವಿ ಇಟ್ಟುಕೊಂಡ ಜಡ್ಜ್‌ಗೆ ಅವನು ಪ್ರಾಸವೇ ಇಲ್ಲದವನ ಹಾಗೆ ಕಾಣುತ್ತಾನೆ, ಪಾಪ.

ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯವರದು ಬೆರ್ಟ್ಸೊಲರಿಟ್ಸಾ ಎಂಬ ಆಶುಕವಿತೆಯ ಪರಂಪರೆ. ಅಲ್ಲಿ ಒಂದೇ ಪದ್ಯದಲ್ಲಿ ಒಂದು ಪ್ರಾಸಪದವನ್ನು ಅದೇ ಅರ್ಥದಲ್ಲಿ ಎರಡು ಸಲ ಬಳಸಿದರೆ ಅದಕ್ಕೆ 'ಪೊಟೊ' ಎನ್ನುತ್ತಾರೆ, ಅಂಕ ಹೋಗುತ್ತದೆ. ಆ ಒಂದು ನಿಯಮವನ್ನು ಮಾತ್ರ ನಾನು ಅಲ್ಲಿಂದ ಕದ್ದುಕೊಂಡಿದ್ದೇನೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಮುಗಿಸಿದ ಮೇಲೆ ಏನು ಹೇಳಿದ ಅಂತ ನಿಮ್ಮ ಬಾಯಲ್ಲಿ ತಿರುಗಿ ಹೇಳಲು ಬಂದರೆ ಆ ವೇಗಕ್ಕೆ ಬೆಲೆ ಇದೆ, ಬರದಿದ್ದರೆ ಇಲ್ಲ.

ತಡವರಿಸಿದ್ದಕ್ಕೆ ಎಷ್ಟು ಕಳೆಯಬೇಕು? ಇದಕ್ಕೆ ತಲೆಯೊಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಒಳ್ಳೆಯದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 12 ಮಂದಿ ಫ್ರೀಸ್ಟೈಲ್ ರ‍್ಯಾಪರ್‌ಗಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಬಾಯಿಪಾಠದ ರ‍್ಯಾಪ್ ಒಮ್ಮೆ, ಆಗಲೇ ಕಟ್ಟಿದ್ದು ಒಮ್ಮೆ ಹೇಳಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಸಾರ ಇದು: ಆಗಲೇ ಕಟ್ಟುವಾಗ ಮಿದುಳಿನ ಮುಂಭಾಗದ ನಡುವಿನ ಪ್ರದೇಶ ಚುರುಕಾಗುತ್ತದೆ, ತನ್ನನ್ನು ತಾನು ಕಾವಲು ಕಾಯುವ ಪಕ್ಕದ ಪ್ರದೇಶ ತಣ್ಣಗಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಳಗಿನ ಸಂಪಾದಕ ರಜೆಯ ಮೇಲೆ ಹೋಗಿರುತ್ತಾನೆ. ಆಗ ನಡುನಡುವೆ ಒಂದು ಎಡವು ಬರುವುದು ಆ ಕೆಲಸದ ಕೂಲಿಯೇ. ಎಡವಿ ಅದೇ ಬಾರ್‌ನಲ್ಲಿ ಬೀಟ್ ಹಿಡಿದುಕೊಂಡರೆ ನಾನು ಏನೂ ಕಳೆಯುವುದಿಲ್ಲ. ಒಂದು ಪೂರ್ತಿ ಬಾರ್ ಖಾಲಿ ಹೋದರೆ ಕಳೆಯುತ್ತೇನೆ. ಎಡವಿದ್ದನ್ನೇ ತಮಾಷೆ ಮಾಡಿ ಮುಂದಿನ ಸಾಲಿಗೆ ಮೆಟ್ಟಿಲು ಮಾಡಿಕೊಂಡರೆ ಕೂಡಿಸುತ್ತೇನೆ. ಒಮ್ಮೆಯೂ ಎಡವದ ಫ್ರೀಸ್ಟೈಲ್ ಕಂಡರೆ ನನಗೆ ಮೆಚ್ಚುಗೆಗಿಂತ ಮೊದಲು ಬರುವುದು ಕುತೂಹಲ.

ಇನ್ನೊಂದು ಒಳಗುಟ್ಟು. ಫ್ರೀಸ್ಟೈಲ್ ಮಾಡುವವರಲ್ಲಿ ಎಷ್ಟೋ ಜನ ನಾಲ್ಕನೇ ಸಾಲನ್ನು ಮೊದಲು ಹುಡುಕಿಕೊಂಡು, ಅಲ್ಲಿಗೆ ತಲುಪಲು ಮೊದಲ ಮೂರನ್ನು ದಾರಿಯಾಗಿ ಹಾಕುತ್ತಾರೆ. ಅದಕ್ಕೇ ಆ ಮೂರು ಸಪ್ಪೆಯಾಗಿ ಕೇಳಿಸುವುದು. ಸಾಲಿಗೊಂದು ಮುಖಭಾವ ಬದಲಿಸಬೇಡಿ. ನಾಲ್ಕು ಬಾರ್‌ನ ತುಂಡು ಮುಗಿದ ಮೇಲೆ ಒಂದು ಗುರುತು ಹಾಕಿ. ಮತ್ತು ಪ್ರತಿ ರೌಂಡ್‌ನಲ್ಲಿ ಒಂದು ತುಂಡಾದರೂ ತಲೆ ತಗ್ಗಿಸಿ, ಸ್ಟೇಜ್ ನೋಡದೆ ಕೇಳಿ. 2013ರ ಒಂದು ಸಂಶೋಧನೆಯಲ್ಲಿ ಸಂಗೀತ ಸ್ಪರ್ಧೆಗಳ ವಿಜೇತರನ್ನು ಜನ ಧ್ವನಿ ಕೇಳಿ ಗುರುತಿಸುವುದಕ್ಕಿಂತ ಧ್ವನಿ ತೆಗೆದುಹಾಕಿದ ವಿಡಿಯೋ ನೋಡಿ ಹೆಚ್ಚು ಸರಿಯಾಗಿ ಗುರುತಿಸಿದರು, ವೃತ್ತಿಪರ ಸಂಗೀತಗಾರರೂ ಸೇರಿದಂತೆ. ಅಂದರೆ ತೀರ್ಪುಗಾರರ ಕಣ್ಣು ಅವರ ಕಿವಿಗಿಂತ ಮುಂದೆ ಓಡಿತ್ತು. ಸ್ಟೇಜ್ ತುಂಬ ಓಡಾಡುವ ಮೊದಲಿನವನ ಥರದ ಹುಡುಗನಿಗೆ ಇದರಿಂದ ಎಷ್ಟು ಲಾಭ ಅಂತ ನೀವೇ ಯೋಚಿಸಿ.

ಅಂಕವೋ ಕೈಯೋ ಅಂತ ಕೇಳಿದ್ದೀರಿ. ಕೈ ಎತ್ತುವುದು ಬೇಗ ಮುಗಿಯುತ್ತದೆ, ನೋಡಲು ಚೆಂದ, ಒಟ್ಟು ಅನಿಸಿಕೆ ಹಿಡಿಯುತ್ತದೆ. ತೊಂದರೆ ಏನೆಂದರೆ ಕೊನೆಯ ರೌಂಡ್ ಮೊದಲಿನ ಎರಡನ್ನೂ ಒರೆಸಿ ಹಾಕುತ್ತದೆ, ಮತ್ತು ಪಕ್ಕದವರ ಕೈ ಕಾಣಿಸುತ್ತದೆ. ನಿಮ್ಮಲ್ಲಿ ಆದದ್ದು ಅದೇ. ಆ ಇನ್ನೊಬ್ಬರು ನಿಮ್ಮನ್ನು ನೋಡಿ ಎತ್ತಿದರು ಎಂದ ಮೇಲೆ 2–1ರಲ್ಲಿ ಆ ಎರಡನೇ ಮತ ನಿಮ್ಮದರ ನೆರಳು. ಅಂಕ ಹಾಕಿದರೆ ರೌಂಡ್ ರೌಂಡ್‌ಗೂ ದಾಖಲೆ ಉಳಿಯುತ್ತದೆ. ಮೇಲೆ ಹೇಳಿದ ಸ್ಪೇನ್ ಲೀಗ್‌ನಲ್ಲಿ ಪ್ರತಿ ತುಂಡಿಗೂ 0ಯಿಂದ 4ರ ತನಕ ಹಾಕುತ್ತಾರೆ. ಆದರೆ ಅಂಕಕ್ಕೂ ತನ್ನದೇ ರೋಗ ಇದೆ. ಅಭ್ಯಾಸ ಇಲ್ಲದವರು ಎಲ್ಲದಕ್ಕೂ 2 ಅಥವಾ 3 ಕೊಟ್ಟು ಕೂರುತ್ತಾರೆ. ಕೈಬಿಚ್ಚಿ 4 ಮತ್ತು 0 ಹಾಕುವ ಒಬ್ಬನೇ ಜಡ್ಜ್ ಉಳಿದಿಬ್ಬರ ಮತವನ್ನು ಒಟ್ಟು ಮೊತ್ತದಲ್ಲಿ ತಿಂದುಹಾಕಬಹುದು. ಪ್ರಾಸಕ್ಕಿಷ್ಟು, ಬೀಟ್ ಮೇಲೆ ಮಾತು ಹರಿಯುವ ಫ್ಲೋಗಿಷ್ಟು, ವೇಷಕ್ಕಿಷ್ಟು ಅಂತ ಹತ್ತು ಕಾಲಂ ಮಾಡಿದರಂತೂ ಪೆನ್ನು ನೋಡುತ್ತಲೇ ರೌಂಡ್ ಮುಗಿದುಹೋಗಿರುತ್ತದೆ.

ನಾನು ಮಾಡುವುದು ಇವೆರಡರ ನಡುವಿನದು. ನನಗಾಗಿ ಮಾತ್ರ ತುಂಡು ತುಂಡಿಗೆ ಗುರುತು. ರೌಂಡ್ ಮುಗಿದ ಕೂಡಲೇ ಆ ರೌಂಡ್ ಯಾರದು ಅಂತ ಬರೆದು ಮಡಚಿಡುವುದು, ಮುಂದಿನದು ಶುರುವಾದ ಮೇಲೆ ತಿದ್ದುವ ಹಾಗಿಲ್ಲ. ಮೂರು ರೌಂಡ್ ಆದ ಮೇಲೆ ಎಣಿಸಿ, ಮೂವರೂ ಒಟ್ಟಿಗೇ, ಒಬ್ಬರಿಗೊಬ್ಬರು ಕಾಣದ ಹಾಗೆ ಚೀಟಿ ಕೊಡುವುದು. ಸಮ ಅನಿಸಿದರೆ ಸಮ ಅಂತಲೇ ಬರೆಯಿರಿ. ಸ್ಪ್ಯಾನಿಷ್ ಬ್ಯಾಟಲ್‌ಗಳಲ್ಲಿ ಇದಕ್ಕೆ 'ರೆಪ್ಲಿಕಾ' ಎಂಬ ಹೆಚ್ಚುವರಿ ಸುತ್ತೇ ಇದೆ, ಜನ ಅದಕ್ಕಾಗಿಯೇ ಬೊಬ್ಬೆ ಹೊಡೆಯುತ್ತಾರೆ. ಆ ಹೆಚ್ಚುವರಿ ಸುತ್ತಿನಲ್ಲಿ ನಾಲ್ಕು ನಾಲ್ಕು ಬಾರ್ ಅದಲು ಬದಲು ಇಟ್ಟರೆ ಯಾರ ಜೇಬಿನಲ್ಲಿ ಏನಿತ್ತು ಅಂತ ಐದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಅಮ್ಮ, ಮೈಬಣ್ಣದ ಪ್ರಶ್ನೆ. ಬ್ಯಾಟಲ್‌ಗೆ ಬೈಗುಳದ ರಕ್ತ ಇದೆ. ಅಮೆರಿಕದ ಕಪ್ಪು ಜನರ ನಡುವೆ 'ಡಜನ್ಸ್' ಎಂಬ ಸರತಿ ಬೈಗುಳದ ಆಟವೇ ಇತ್ತು, ಅದರಲ್ಲಿ ಎದುರಿನವನ ತಾಯಿಯೇ ಮುಖ್ಯ ಗುರಿ; ಸಿಟ್ಟು ಬಂದವನು ಸೋತ. ಹಾಗಾಗಿ ಸಭ್ಯವಾಗಿ ಬೈಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ಹುಟ್ಟಿನಿಂದ ಬಂದದ್ದನ್ನು, ಬಣ್ಣ, ಜಾತಿ, ಅಂಗವೈಕಲ್ಯ ಇಂಥವನ್ನು, ಹಿಡಿದು ಎಳೆದ ಸಾಲಿಗೆ ನನ್ನ ಹಾಳೆಯಲ್ಲಿ ಸೊನ್ನೆ. ಅದಕ್ಕೆ ಕಸುಬು ಬೇಕಿಲ್ಲ, ಕಣ್ಣು ತೆರೆದಿದ್ದರೆ ಸಾಕು. ಇದನ್ನು ಮೈಕ್‌ನಲ್ಲಿ ಸ್ಪರ್ಧೆಗೆ ಮೊದಲೇ ಹೇಳಿಸಿ. ನಡುವೆ ಎದ್ದು ನಿಲ್ಲಿಸುವ ಅಧಿಕಾರ ನಡೆಸಿಕೊಡುವವರಿಗೆ ಇರಲಿ, ನಿಮಗೆ ಬೇಡ. ಮೈ ಮುಟ್ಟಿದರೆ ಆ ರೌಂಡ್ ಹೋಯಿತು, ಇದರಲ್ಲಿ ಚರ್ಚೆ ಇಲ್ಲ.

ಸೋತವನಿಗೆ ನೀವು ಏನು ಹೇಳಬಹುದಿತ್ತು? ಹಾಳೆ ಇದ್ದಿದ್ದರೆ ಹೀಗೆ: "ನಿನ್ನ ಚಪ್ಪಲಿ ಸಾಲು ಇವತ್ತಿನ ಒಳ್ಳೆಯ ಸಾಲುಗಳಲ್ಲಿ ಒಂದು. ಅವನು ಅದನ್ನು ನಿನ್ನ ಮೇಲೇ ತಿರುಗಿಸಿದ. ಆಮೇಲೆ ನಿನಗೆ ಇನ್ನೂ ಸರದಿ ಇತ್ತು, ನೀನು ಅದರ ಹತ್ತಿರವೂ ಹೋಗಲಿಲ್ಲ." ಅವನು ಒಪ್ಪದೇ ಇರಬಹುದು, ಆದರೆ ಮನೆಗೆ ಹೋಗಿ ರೆಕಾರ್ಡಿಂಗ್ ಹಾಕಿಕೊಂಡು ಆ ಜಾಗ ಹುಡುಕುತ್ತಾನೆ. ಸೋತ ಸಿಟ್ಟಿನಲ್ಲಿರುವವನ ಕೈಗೆ ಹುಡುಕಲು ಒಂದು ಜಾಗ ಕೊಟ್ಟರೆ ಸಾಕು. ಅಮೆರಿಕದ ಹೆಸರಾಂತ ರ‍್ಯಾಪರ್ ಎಮಿನೆಮ್ ಕೂಡ 1997ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್‌ನಲ್ಲಿ ಎರಡನೇ ಸ್ಥಾನಕ್ಕೆ ಇಳಿದವರೇ.

ಇನ್ನು ಆವರಣದೊಳಗಿನ ಆ ಸಾಲು. ಜೊತೆಗೆ ಟ್ರ್ಯಾಕ್ ಮಾಡಿದವನು ಸ್ಟೇಜ್ ಮೇಲಿದ್ದ, ನೀವು ಕುರ್ಚಿಯಲ್ಲಿದ್ದಿರಿ, ಹಾಲ್‌ನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಸಂಬಂಧ ಇಲ್ಲ ಅಂತ ನೀವು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೀರಿ, ನಂಬುತ್ತೇನೆ. ಆದರೂ ಯೋಚಿಸಿ. ಅವನ ತಣ್ಣನೆಯ ಧಾಟಿ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವಾಗ ತಿರುಗೇಟು ಬರುತ್ತದೆ, ಇವೆಲ್ಲ ನಿಮ್ಮ ಕಿವಿಗೆ ಪಳಗಿದ್ದವು. ಅರ್ಧ ಹಾಲ್‌ಗೆ ಕೇಳದ ಸಾಲು ನಿಮಗೆ ಕೇಳಿಸಿದ್ದಕ್ಕೆ ಅದೂ ಒಂದು ಕಾರಣ ಇರಬಹುದಲ್ಲವೇ? ಎದುರಿನವನ ಧಾಟಿ ಅಷ್ಟು ಪರಿಚಯ ಇದ್ದಿದ್ದರೆ ಅವನ ಯಾವುದೋ ಒಂದು ಸಾಲೂ ಹೀಗೇ ನಿಮಗೆ ಮಾತ್ರ ಕೇಳಿಸುತ್ತಿತ್ತೋ ಏನೋ.

ನಿಮ್ಮ ಮುಂದೆ ಮೂರು ದಾರಿ ಇವೆ. ಪೂರ್ತಿ ಹಿಂದೆ ಸರಿಯುವುದು. ಅದು ಸುಲಭ, ಆದರೆ ತಾಳ್ಮೆಯಿಂದ ಕೇಳುವ ಒಬ್ಬ ಜಡ್ಜ್ ಕಡಿಮೆಯಾಗುತ್ತಾನೆ. ಮೊದಲೇ ಬಹಿರಂಗವಾಗಿ ಹೇಳಿ ಕೂರುವುದು. ಸ್ಪರ್ಧಿಗಳು ಒಪ್ಪಿದರೆ ಸರಿ, ಆದರೆ ನೀವು ಪರಿಚಯದವನಿಗೆ ಕೈ ಎತ್ತಿದರೂ ಮಾತು ಬರುತ್ತದೆ, ಎತ್ತದಿದ್ದರೆ ನಿಮ್ಮನ್ನು ನಿಷ್ಪಕ್ಷಪಾತಿ ಅಂತ ತೋರಿಸಿಕೊಳ್ಳಲು ಅವನನ್ನು ಬಲಿ ಕೊಟ್ಟಿರಿ ಅಂತ ನಿಮಗೇ ಅನಿಸುತ್ತದೆ. ಮೂರನೆಯದು, ಅವನು ಇರುವ ಸುತ್ತುಗಳಿಗೆ ಬೇರೆಯವರು ಕೂರಲಿ, ಉಳಿದವಕ್ಕೆ ನೀವು. ನಾನಾಗಿದ್ದರೆ ಮೂರನೆಯದು. ಆಯೋಜಕರಿಗೆ ಇವತ್ತೇ ಎರಡು ಸಾಲಿನ ಮೆಸೇಜ್ ಹಾಕಿ: ಇಂಥವನ ಜೊತೆ ಟ್ರ್ಯಾಕ್ ಮಾಡಿದ್ದೇನೆ, ಅವನ ಸುತ್ತಿಗೆ ಬದಲಿ ಜಡ್ಜ್ ನೋಡಿಕೊಳ್ಳಿ ಅಂತ. ಕಳೆದ ಸಲ ಇದನ್ನು ಹೇಳಿರಲಿಲ್ಲ ಎನ್ನುವುದನ್ನೂ ಸೇರಿಸಿ. ಆ ಮೊದಲಿನವನ ನಂಬರ್ ಅವರ ಬಳಿ ಇದ್ದೇ ಇರುತ್ತದೆ, ಅವನಿಗೂ ನೀವೇ ಫೋನ್ ಮಾಡಿ ಹೇಳಿ. ಬೈಯಬಹುದು, ಬೈಯಲಿ. ಅವನು ಬೈದು ಮುಗಿಸಿದ ಮೇಲೆ ಆ ಚಪ್ಪಲಿ ಸಾಲಿನ ಮಾತು ಹೇಳಿ.